ಲೇಸ್ ಸ್ಕಾರ್ಫ್ ಹೆಣಿಗೆ: ಒಂದು ಸ್ಟಿಚ್ ಕಮ್ಮಿ ಬರ್ತಿದೆ

ಪ್ರಶ್ನೆ: 10 ಸ್ಟಿಚ್ ಪ್ಯಾಟರ್ನ್ 6 ಸಲ, ಎರಡೂ ಅಂಚಿಗೆ ಮೂರು ಮೂರು: ಒಟ್ಟು 66 ಇರಬೇಕು, 65 ಇದೆ. ಪೂರ್ತಿ ಬಿಚ್ಚಬೇಕಾ?

ಉತ್ತರ 1: ಬೇಡ. ಹೆಚ್ಚಾಗಿ ಯಾರ್ನ್ ಓವರ್ (ತೂತು ಬರಲು ದಾರವನ್ನು ಕಡ್ಡಿಗೆ ಸುತ್ತಿ ಸ್ಟಿಚ್ ಹೆಚ್ಚಿಸೋದು) ಒಂದು ಬಿಟ್ಟುಹೋಗಿರುತ್ತೆ. ಪ್ರತಿ ರಿಪೀಟ್ (10 ಸ್ಟಿಚ್‌ನ ಒಂದು ಸರದಿ) ನಡುವೆ ಮಾರ್ಕರ್ (ಗುರುತಿನ ಸಣ್ಣ ಬಳೆ) ಹಾಕಿ ಎಣಿಸಿ. 9 ಬಂದ ಕಡೆ ನೋಡಿ. ತಪ್ಪಿದ್ದು ಹಿಂದಿನ ಸಾಲಿನಲ್ಲಾದರೆ, ಎರಡು ಸ್ಟಿಚ್ ನಡುವಿನ ಅಡ್ಡ ಎಳೆಯನ್ನು ಎಡಗೈ ಕಡ್ಡಿಗೆ ಎತ್ತಿ ಪರ್ಲ್ (ಉಲ್ಟಾ ಹೆಣಿಗೆ) ಮಾಡಿ. ತಿರುಚಬೇಡಿ, ತೂತು ಮುಚ್ಚಿಹೋಗುತ್ತೆ.

ಉತ್ತರ 2: ಜೊತೆಗೆ ಲೈಫ್‌ಲೈನ್ (ಬಿಚ್ಚಿದಾಗ ಆ ಸಾಲಿನಲ್ಲೇ ಸ್ಟಿಚ್ ಹಿಡಿದು ನಿಲ್ಲಿಸುವ ದಾರ) ಹಾಕಿ. ಪರ್ಲ್ ಸಾಲು ಮುಗಿದ ಮೇಲೆ ನುಣುಪಾದ ಹತ್ತಿ ದಾರವನ್ನು ಎಲ್ಲ ಸ್ಟಿಚ್‌ಗಳೊಳಗೂ ದಾಟಿಸಿ, ಮಾರ್ಕರ್ ಒಳಗೆ ಮಾತ್ರ ಬೇಡ: ಸಿಕ್ಕಿಕೊಂಡು ಮೇಲೆ ಸರಿಯೋದೇ ಇಲ್ಲ. ಮೊಹೇರ್ (ರೋಮ ಜಾಸ್ತಿಯಿರುವ ಮೇಕೆ ಉಣ್ಣೆ) ಆದರಂತೂ ಇದು ಬೇಕೇ ಬೇಕು. ಬಿಚ್ಚೋಕೆ ಹೋದರೆ ಎಳೆಗೆ ಎಳೆ ಅಂಟಿಕೊಳ್ಳುತ್ತೆ.

ಉತ್ತರ 3: ಬೈಂಡ್ ಆಫ್‌ಗೆ (ಕೊನೆಯಲ್ಲಿ ಸ್ಟಿಚ್ ಮುಚ್ಚೋಕೆ) ಇನ್ನೂ ದಪ್ಪ ಕಡ್ಡಿ ತಗೊಳ್ಳಿ. ಅಂಚು ಬಿಗಿಯಾದರೆ ಬ್ಲಾಕಿಂಗ್‌ನಲ್ಲೂ (ಒದ್ದೆ ಮಾಡಿ ಎಳೆದು ಹರಡಿ ಒಣಗಿಸುವಾಗ) ಹಿಗ್ಗಲ್ಲ.