ಎಆರ್-15 ಕೊಳ್ಳುವಾಗ ಗ್ಯಾಸ್ ಪಿಸ್ಟನ್ ಆರಿಸಬೇಕೇ, ಡೈರೆಕ್ಟ್ ಇಂಪಿಂಜ್‌ಮೆಂಟ್ ಸಾಕೇ?

ಹೂಸ್ಟನ್ ವಾಸಿ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಈಚೆಗೆ ಅಮೆರಿಕದ ಪೌರತ್ವ ದೊರೆತ ಮೇಲೆ, ಗುರಿ ಅಭ್ಯಾಸಕ್ಕೆಂದು 16 ಅಂಗುಲ ನಳಿಕೆಯ 5.56 ಮಿ.ಮೀ. ಎಆರ್-15 ರೈಫಲ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಗುಂಡು ಹಾರಿದಾಗ ಹೊಮ್ಮುವ ಅನಿಲದ ಬಲದಿಂದ ಮುಂದಿನ ಗುಂಡನ್ನು ತುಂಬಿಕೊಳ್ಳಲು ಇದರಲ್ಲಿ ಗ್ಯಾಸ್ ಪಿಸ್ಟನ್, ಡೈರೆಕ್ಟ್ ಇಂಪಿಂಜ್‌ಮೆಂಟ್ ಎಂಬ ಎರಡು ಬಗೆಗಳಿವೆಯಂತೆ; ಅಂಗಡಿಯಲ್ಲಿ ಎರಡನ್ನೂ ಹಿಡಿದು ನೋಡಿದೆ. ಪಿಸ್ಟನ್ ಇರುವುದರ ಮುಂಭಾಗ ಭಾರ, ಬೆಲೆಯೂ ಹೆಚ್ಚು. ಆದರೆ ಡೈರೆಕ್ಟ್ ಇಂಪಿಂಜ್‌ಮೆಂಟ್‌ನಲ್ಲಿ ಮಸಿಯೆಲ್ಲ ಬೋಲ್ಟ್ (ಕಾಡತೂಸಿನ ಹಿಂಬದಿಯನ್ನು ಮುಚ್ಚಿ ಹಿಡಿಯುವ ಉಕ್ಕಿನ ತುಂಡು) ಮೇಲೆಯೇ ಕೂರುತ್ತದೆ, ವಿಯೆಟ್ನಾಂನಲ್ಲಿ ಎಂ16 (ಎಆರ್-15ರ ಸೇನಾ ರೂಪ) ಕೈಕೊಟ್ಟಿದ್ದು ಅದರಿಂದಲೇ ಎಂದು ಮಾರಾಟಗಾರರು ಹೇಳಿದರು. ಈ ಮಾತು ಎಷ್ಟರ ಮಟ್ಟಿಗೆ ನಿಜ? ಮುಂದೆ ಸಪ್ರೆಸರ್ (ಸದ್ದು ತಗ್ಗಿಸಲು ನಳಿಕೆಯ ತುದಿಗೆ ಹಾಕುವ ಕೊಳವೆ) ಹಾಕಿಸುವ ಆಲೋಚನೆಯೂ ಇದೆ.

ಗುರಿಕಾರ:
ಮಸಿಯ ಮಾತು ನಿಜ, ವಿಯೆಟ್ನಾಂನ ಮಾತು ಅರ್ಧ ಸತ್ಯ. ಎಆರ್-15ನ್ನು ರೂಪಿಸಿದ ಯೂಜೀನ್ ಸ್ಟೋನರ್ ಅವರ ವಿನ್ಯಾಸದಲ್ಲಿ, ಅಂದರೆ ಡೈರೆಕ್ಟ್ ಇಂಪಿಂಜ್‌ಮೆಂಟ್‌ನಲ್ಲಿ, ನಳಿಕೆಯ ರಂಧ್ರದಿಂದ ಹೊರಟ ಅನಿಲ ತೆಳುವಾದ ಕೊಳವೆಯೊಂದರ ಮೂಲಕ ಹಿಂದಕ್ಕೆ ಬಂದು, ಬೋಲ್ಟನ್ನು ಹೊತ್ತು ಹಿಂದೆ ಮುಂದೆ ಜಾರುವ ಬೋಲ್ಟ್ ಕ್ಯಾರಿಯರ್‌ನ ಒಳಗೇ ಹಿಗ್ಗುತ್ತದೆ. ಮೂರು ಉಂಗುರಗಳಿರುವ ಬೋಲ್ಟ್‌ನ ಹಿಂಭಾಗವೇ ಅಲ್ಲಿ ಪಿಸ್ಟನ್‌ನ ಕೆಲಸ ಮಾಡುತ್ತದೆ. ತಳ್ಳುವ ಬಲ ನಳಿಕೆಯ ನೇರದಲ್ಲೇ ಇರುವುದರಿಂದ ಬಂದೂಕು ಹಗುರವಾಗಿ, ಕಡಿಮೆ ಕುಲುಕುತ್ತ ನಡೆಯುತ್ತದೆ. ಪಿಸ್ಟನ್ ಮಾದರಿಯಲ್ಲಾದರೋ ಅನಿಲ ಮುಂಭಾಗದಲ್ಲೇ ನಿಂತು, ಸರಳೊಂದು ಕ್ಯಾರಿಯರ್‌ನ ಮೇಲ್ಭಾಗವನ್ನು ಗುದ್ದುತ್ತದೆ. ಇದರಿಂದ ಬೋಲ್ಟ್ ಚೊಕ್ಕಟವಾಗಿಯೂ ತಣ್ಣಗೂ ಉಳಿಯುತ್ತದೆ. ಆದರೆ ಪೆಟ್ಟು ಮಧ್ಯರೇಖೆಗಿಂತ ಮೇಲೆ ಬೀಳುವುದರಿಂದ ಕ್ಯಾರಿಯರ್‌ನ ಹಿಂಬದಿ ಕೆಳಕ್ಕೆ ವಾಲಿ, ಬಫರ್ ಟ್ಯೂಬಿನ (ಹಿಂಬದಿಯ ಸ್ಪ್ರಿಂಗ್ ಇರುವ ಕೊಳವೆಯ) ಬಾಯಿಯನ್ನು ಉಜ್ಜತೊಡಗುತ್ತದೆ. ಎಆರ್ ಚೌಕಟ್ಟಿಗೆ ಪಿಸ್ಟನ್ ಕೂರಿಸಿದ ಮೊದಮೊದಲ ಮಾದರಿಗಳಲ್ಲಿ ಈ ತೊಂದರೆ ಹೆಚ್ಚಾಗಿತ್ತು. ಈಗಿನ ಒಳ್ಳೆಯ ತಯಾರಕರು ಕ್ಯಾರಿಯರ್‌ನ ಆಕಾರ ಬದಲಿಸಿ ಇದನ್ನು ಬಹುಮಟ್ಟಿಗೆ ತಡೆದಿದ್ದಾರೆ.

ಇನ್ನು ವಿಯೆಟ್ನಾಂ. ಎಂ16 ಸೈನಿಕರ ಕೈ ಸೇರುವ ಹೊತ್ತಿಗೆ ಕಾಡತೂಸಿನ ಮದ್ದನ್ನೇ ಬದಲಿಸಲಾಗಿತ್ತು. ಹೊಸ ಬಾಲ್ ಪೌಡರ್‌ನಿಂದ ಒಂದರ ಹಿಂದೊಂದು ಗುಂಡು ಹಾರುವ ಗತಿಯೂ ಕಿಟ್ಟವೂ ಹೆಚ್ಚಿದವು. ಕಾಡತೂಸು ಕೂರುವ ಚೇಂಬರ್‌ಗೆ ಕ್ರೋಮ್ ಲೇಪನವಿರಲಿಲ್ಲವಾಗಿ ಆ ತೇವದ ಹವೆಯಲ್ಲಿ ತುಕ್ಕು ಹಿಡಿದು, ಖಾಲಿ ತೋಟೆ ಒಳಗೇ ಕಚ್ಚಿಕೊಳ್ಳುತ್ತಿತ್ತು. ಅದಕ್ಕಿಂತ ಅಕ್ಷಮ್ಯವಾದದ್ದು, ಅನೇಕ ತುಕಡಿಗಳಿಗೆ ಶುಚಿಗೊಳಿಸುವ ಸಾಮಗ್ರಿಯನ್ನೇ ಸರಿಯಾಗಿ ಒದಗಿಸದಿದ್ದುದು. 1967ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಉಪಸಮಿತಿ ಈ ನಿರ್ವಹಣೆಯನ್ನು ಕಟುವಾಗಿ ಟೀಕಿಸಿತು. ಕ್ರೋಮ್ ಲೇಪನವೂ ಶುಚಿ ಸಾಮಗ್ರಿಯೂ ಬಂದ ಬಳಿಕ ಅದೇ ಅನಿಲ ವ್ಯವಸ್ಥೆಯ ಬಂದೂಕು ದಶಕಗಳ ಕಾಲ ಬಾಳಿಕೆ ಬಂದಿದೆ.

ಕಾವೇರಿ ತೀರ:
ಗುರಿಕಾರ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪಿಸ್ಟನ್ ಪರವಾಗಿ ಇರುವ ಸಾಕ್ಷ್ಯವನ್ನೂ ಮುಂದಿಡಬೇಕು. 2007ರಲ್ಲಿ ಅಮೆರಿಕದ ಸೇನೆಯು ವಿಪರೀತ ಧೂಳಿನಲ್ಲಿ ನಡೆಸಿದ ಪರೀಕ್ಷೆಯಲ್ಲಿ ಪ್ರತಿ ಮಾದರಿಯಿಂದ 60,000 ಗುಂಡು ಹಾರಿಸಿದಾಗ ಡೈರೆಕ್ಟ್ ಇಂಪಿಂಜ್‌ಮೆಂಟ್‌ನ ಎಂ4 882 ಬಾರಿ ನಿಂತಿತು. ಪಿಸ್ಟನ್ ಇದ್ದ ರೈಫಲ್‌ಗಳಲ್ಲಿ ಎಚ್‌ಕೆ416 233 ಬಾರಿ, ಎಕ್ಸ್‌ಎಂ8 127 ಬಾರಿ. ಈ ಅಂತರ ಸಣ್ಣದಲ್ಲ. ಆದರೂ ಆ ಧೂಳು ನಿಮ್ಮ ರೇಂಜ್‌ನಲ್ಲಿ ಇರುವುದಿಲ್ಲ, ಮತ್ತು ಪಿಸ್ಟನ್‌ನ ಲಾಭ ಹೆಚ್ಚಾಗಿ ಕಾಣುವುದು ತೀರ ಗಿಡ್ಡ ನಳಿಕೆಯಲ್ಲಿ, ಸಪ್ರೆಸರ್ ಹಾಕಿ ಬಿಡುವಿಲ್ಲದೆ ಹಾರಿಸುವಾಗ. ಸೇನೆಗಳ ಆಯ್ಕೆಯೂ ಒಂದೇ ದಿಕ್ಕಿಗಿಲ್ಲ: ಫ್ರಾನ್ಸ್ 2016ರಲ್ಲಿ ಪಿಸ್ಟನ್ ಇರುವ ಎಚ್‌ಕೆ416 ಆರಿಸಿತು; ಆದರೆ ಬ್ರಿಟನ್ 2023ರಲ್ಲಿ ತನ್ನ ವಿಶೇಷ ತುಕಡಿಗಳಿಗೆಂದು ಆರಿಸಿದ ಕೆಎಸ್-1 ಸ್ಟೋನರ್ ಪದ್ಧತಿಯದೇ.

ಹೂಸ್ಟನ್ ವಾಸಿ:
ಇಬ್ಬರಿಗೂ ಧನ್ಯವಾದಗಳು. ಒಂದು ವಿಷಯ ಬಿಟ್ಟುಹೋಗಿತ್ತು: ನಾನು ಎಡಗೈಯವನು, ಎಡ ಭುಜಕ್ಕೆ ಆನಿಸಿ ಹಾರಿಸುತ್ತೇನೆ. ಇದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಗುರಿಕಾರ:
ಸಪ್ರೆಸರ್ ಹಾಕಿದರೆ ಖಂಡಿತ ಆಗುತ್ತದೆ. ಖಾಲಿ ತೋಟೆ ಹೊರಬೀಳುವ ಕಿಂಡಿ ಬಲಬದಿಯಲ್ಲಿದೆ, ಎಡಗೈಯವರ ಮುಖ ಅದರ ಪಕ್ಕದಲ್ಲೇ ಇರುತ್ತದೆ. ಸಪ್ರೆಸರ್ ಅನಿಲವನ್ನು ತಡೆದು ಹಿಂದಕ್ಕೆ ತಳ್ಳುವಾಗ ಆ ಕಿಂಡಿಯಿಂದಲೂ ಚಾರ್ಜಿಂಗ್ ಹ್ಯಾಂಡಲ್‌ನ (ಬೋಲ್ಟನ್ನು ಕೈಯಿಂದ ಹಿಂದಕ್ಕೆ ಎಳೆಯುವ ಹಿಡಿಕೆಯ) ಸಂದಿನಿಂದಲೂ ಹೊಗೆ ನುಗ್ಗಿ ಕಣ್ಣು ಉರಿಯುತ್ತದೆ. ಪಿಸ್ಟನ್ ಇದನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ, ಏಕೆಂದರೆ ಒಂದಷ್ಟು ಅನಿಲ ನಳಿಕೆಯ ಒಳಗಿನಿಂದಲೇ ಚೇಂಬರ್ ಕಡೆಗೆ ಮರಳುತ್ತದೆ.

ಸಪ್ರೆಸರ್‌ಗೆ ಫೆಡರಲ್ ನೋಂದಣಿಯೂ ಅನುಮತಿಯೂ ಬೇಕಾಗಿರುವುದರಿಂದ ಅದು ಇಂದೇ ಕೈಸೇರುವ ವಸ್ತುವಲ್ಲ. ಹೀಗಾಗಿ ನನ್ನ ಸಲಹೆ ಹೀಗಿದೆ: ಸದ್ಯಕ್ಕೆ ಮಿಡ್-ಲೆಂಗ್ತ್ (ಮಧ್ಯಮ ಉದ್ದದ) ಗ್ಯಾಸ್ ಟ್ಯೂಬ್ ಇರುವ, ಒಳ್ಳೆಯ ತಯಾರಕರ ಡೈರೆಕ್ಟ್ ಇಂಪಿಂಜ್‌ಮೆಂಟ್ ರೈಫಲನ್ನೇ ಕೊಳ್ಳಿ. ಅದರ ಬೋಲ್ಟ್, ಉಂಗುರ, ಟ್ಯೂಬ್ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಪಿಸ್ಟನ್‌ನ ಬಿಡಿಭಾಗಗಳಾದರೆ ಒಬ್ಬೊಬ್ಬ ತಯಾರಕರದು ಒಂದೊಂದು ಅಳತೆ, ಆ ಕಂಪನಿ ತಯಾರಿಕೆ ನಿಲ್ಲಿಸಿದರೆ ನಿಮಗೆ ದಿಕ್ಕಿಲ್ಲ. ಸಪ್ರೆಸರ್ ಬಂದ ದಿನ ಅನಿಲದ ಪ್ರಮಾಣ ಹೊಂದಿಸಬಹುದಾದ ಗ್ಯಾಸ್ ಬ್ಲಾಕ್ ಹಾಕಿಸಿ ನೋಡಿ. ಅದಾದ ಮೇಲೂ ಕಣ್ಣುರಿ ಕಾಡಿದರೆ ಆಗ ಪಿಸ್ಟನ್ ಇರುವ ಮೇಲ್ಭಾಗವೊಂದನ್ನು ಬೇರೆಯಾಗಿ ಕೊಂಡು ಅದೇ ಕೆಳಭಾಗಕ್ಕೆ ಜೋಡಿಸಬಹುದು. ಮಸಿಗೆ ಹೆದರಬೇಡಿ: ಬೋಲ್ಟ್‌ನ ಬಾಲದಲ್ಲಿ ಗಟ್ಟಿಯಾಗಿ ಕೂರುವ ಕರಿಯನ್ನು ಕೆರೆಯುವುದಕ್ಕಿಂತ, ಉಂಗುರಗಳಿಗೆ ಎಣ್ಣೆ ಬತ್ತದಂತೆ ನೋಡಿಕೊಳ್ಳುವುದು ಮುಖ್ಯ.