ಹ್ಯಾಂಡಿಕ್ಯಾಪ್ ಲೀಗ್‌ನಲ್ಲಿ ಯಾರ ಆಟ ಚೆನ್ನಾಗಿತ್ತು ಅಂತ ಹೋಲಿಸೋದು ಹೇಗೆ? (ಟೆನ್‌ಪಿನ್ ಬೌಲಿಂಗ್, ಬೆಂಗಳೂರು)

ಲೇನ್_ಏಳು
ಕೋರಮಂಗಲದ ಕಡೆ ವಾರದ ದಿನ ಸಂಜೆ ನಡೆಯೋ ಆಫೀಸ್ ಲೀಗ್. 8 ತಂಡ, ತಲಾ 4 ಜನ, 12 ವಾರ, ವಾರಕ್ಕೆ 3 ಗೇಮ್. 200ರಲ್ಲಿ ಸರಾಸರಿ ಕಳೆದು ಉಳಿದದ್ದರ ಶೇ. 90 ಹ್ಯಾಂಡಿಕ್ಯಾಪ್ (ಕಡಿಮೆ ಸರಾಸರಿಯವರಿಗೆ ಪ್ರತಿ ಗೇಮ್‌ಗೆ ಸೇರಿಸೋ ಹೆಚ್ಚುವರಿ ಅಂಕ). ಹ್ಯಾಂಡಿಕ್ಯಾಪ್ ಸೇರಿಸಿದ ಪಟ್ಟಿಯಲ್ಲಿ 124 ಸರಾಸರಿಯವರು ಮೊದಲ ಸ್ಥಾನದಲ್ಲಿದ್ದಾರೆ, 178ರವರು ಅವರ ಕೆಳಗೆ. ‘ಅತ್ಯುತ್ತಮ ಬೌಲರ್’ ಬಹುಮಾನಕ್ಕೆ ಯಾವ ಪಟ್ಟಿ ಹಿಡೀಬೇಕು? ಫ್ರೇಮ್‌ವಾರು (ಗೇಮ್‌ನ ಹತ್ತು ಸರದಿಗಳಲ್ಲಿ ಒಂದೊಂದರ) ಅಂಕ ಎಲ್ಲಾ ಎಕ್ಸೆಲ್‌ನಲ್ಲಿದೆ.

ಹೆಡ್‌ಪಿನ್_ಹನುಮ
ಹ್ಯಾಂಡಿಕ್ಯಾಪ್ ಪಟ್ಟಿ ಇದಕ್ಕೆ ಆಗಲ್ಲ. ಅದು ಇರೋದೇ ಆಟಗಾರರ ನಡುವಿನ ಅಂತರ ಅಳಿಸೋಕೆ. ಶೇ. 100 ಕೊಟ್ಟರೆ ಎಲ್ಲರೂ 200ರ ಆಸುಪಾಸಿಗೆ ಬಂದು ನಿಲ್ತಾರೆ, ಶೇ. 90 ಕೊಟ್ಟರೆ ಹತ್ತರಲ್ಲೊಂದು ಪಾಲು ಅಂತರ ಉಳಿಯುತ್ತೆ. ಸರಿಯಾಗಿ ಹಾಕಿದ್ದರೆ 124ಕ್ಕೆ 68 ಸೇರಿ 192, 178ಕ್ಕೆ 19 ಸೇರಿ 197 ಆಗಬೇಕಿತ್ತು (ದಶಮಾಂಶ ಬಿಟ್ಟು). ನಿಮ್ಮಲ್ಲಿ ಉಲ್ಟಾ ಆಗಿದೆ ಅಂದ್ರೆ ಹ್ಯಾಂಡಿಕ್ಯಾಪ್ ಹಳೆಯದು. ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ತೀರಿ?

ಲೇನ್_ಏಳು
ಬದಲಾಯಿಸಲ್ಲ. ಮೊದಲ ವಾರದ 3 ಗೇಮ್ ನೋಡಿ ನಿಗದಿ ಮಾಡಿದ್ದು. ಅವತ್ತು 124ರವರ ಸರಾಸರಿ 112, 178ರವರದ್ದು 175.

ಹೆಡ್‌ಪಿನ್_ಹನುಮ
ಸಿಕ್ತು ನೋಡಿ. 112ಕ್ಕೆ ಹ್ಯಾಂಡಿಕ್ಯಾಪ್ 79, ಹಾಗಾಗಿ 124+79=203. ಇವರದ್ದು 178+22=200. ಬರೀ ಮೂರು ಗೇಮ್ ನಂಬಿದ್ದೇ ಎಡವಟ್ಟು. ಹವ್ಯಾಸಿ ಬೌಲರ್‌ನ ಅಂಕ ಗೇಮಿಂದ ಗೇಮಿಗೆ 20–25 ಪಿನ್ ಏರಿಳಿಯೋದು ಮಾಮೂಲು. ಮಾನಕ ವಿಚಲನೆ (ಅಂಕ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹೋಗುತ್ತೆ ಅನ್ನೋ ಅಳತೆ) 22 ಅಂದುಕೊಂಡರೆ, 3 ಗೇಮ್‌ನ ಸರಾಸರಿಯಲ್ಲೇ ಸುಮಾರು 13 ಪಿನ್ ಅನಿಶ್ಚಿತತೆ. 12 ಗೇಮ್‌ಗೆ 6, 36ಕ್ಕೆ 4ಕ್ಕೂ ಕಡಿಮೆ. ಅಂದ್ರೆ ಅವರು ಸುಧಾರಿಸಿದ್ದೇ ಅಲ್ಲದಿರಬಹುದು, ಮೊದಲ ದಿನ ಕೈ ಹಿಡಿಯಲಿಲ್ಲ ಅಷ್ಟೇ.

ಕೌಶಲಕ್ಕೆ ಸ್ಕ್ರ್ಯಾಚ್ (ಹ್ಯಾಂಡಿಕ್ಯಾಪ್ ಸೇರಿಸದ) ಸರಾಸರಿ ಒಂದೇ ಸಾಕು. 178ರವರಿಗೆ ಬಹುಮಾನ ಕೊಡಿ, ಚರ್ಚೆ ಬೇಡ.

ಸ್ಪೇರ್_ಸಾವಿತ್ರಿ
ಸ್ಕ್ರ್ಯಾಚ್ ಒಂದೇ ನೋಡಿದ್ರೆ ಪ್ರತಿ ಸೀಸನ್ ಅದೇ ಇಬ್ಬರು ಗೆಲ್ತಾರೆ, ಉಳಿದವರು ಬರೋದೇ ಬಿಡ್ತಾರೆ. ಎರಡನೇ ಬಹುಮಾನ ಇಡಿ: ತನ್ನ ಸರಾಸರಿಗಿಂತ ಎಷ್ಟು ಮೇಲೆ ಆಡಿದ್ರು ಅಂತ. ಆದ್ರೆ ಸೀಸನ್ ಮುಗಿದ ಮೇಲಿನ ಸರಾಸರಿ ಕಳೆಯೋಕೆ ಹೋಗ್ಬೇಡಿ, ಎಲ್ಲರ ಮೊತ್ತವೂ ಸೊನ್ನೆ ಬರುತ್ತೆ! ಆ ಸಂಜೆ ಆಟಕ್ಕೆ ಇಳಿಯೋ ಮುಂಚೆ ಇದ್ದ ಸರಾಸರಿ ಕಳೀಬೇಕು. ಮೊದಲ 12 ಗೇಮ್ ಲೆಕ್ಕಕ್ಕೆ ಬೇಡ, ಅವು ಬುನಾದಿ ಮಾತ್ರ. 13ನೇ ಗೇಮ್‌ನಿಂದ ಸಿಗೋ ವ್ಯತ್ಯಾಸವನ್ನ ಅವರವರ ಮಾನಕ ವಿಚಲನೆಯಿಂದ ಭಾಗಿಸಿ, ಎಲ್ಲದರ ಸರಾಸರಿ ತೆಗೀರಿ. ಏರಿಳಿತ ಜಾಸ್ತಿ ಇರೋರು ಒಂದೇ ಒಂದು 190 ಹೊಡೆದು ಮೇಲೆ ಹೋಗೋದು ಇದರಿಂದ ತಪ್ಪುತ್ತೆ.

ಫ್ರೇಮ್‌ವಾರು ಅಂಕ ಇದೆ ಅಂದ್ರೆ ನಿಜವಾದ ಮಾಲು ಅಲ್ಲೇ ಇದೆ. ಮೊದಲ ಚೆಂಡಿಗೆ ಸರಾಸರಿ ಎಷ್ಟು ಪಿನ್, ಒಂಟಿ ಪಿನ್ ಉಳಿದಾಗ ಎಷ್ಟು ಸಲ ಹೊಡೆದ್ರು, ಇವೆರಡು ಕಾಲಂ ಹಾಕಿ. ಒಂದು ಫ್ರೇಮ್‌ನಲ್ಲಿ 9 ಬಿದ್ದು ಉಳಿದ ಒಂದು ತಪ್ಪಿದ್ರೆ 9 ಅಂಕ. ಎರಡನೇ ಚೆಂಡಿಗೆ ಅದನ್ನ ಹೊಡೆದ್ರೆ ಸ್ಪೇರ್, ಆ ಫ್ರೇಮ್‌ಗೆ 10 ಜೊತೆ ಮುಂದಿನ ಚೆಂಡಿನ ಪಿನ್ನೂ ಸೇರುತ್ತೆ; ಆ ಚೆಂಡಿಗೆ 9 ಬಿದ್ರೆ ಅದೇ ಫ್ರೇಮ್ 19. ಒಂದು ಪಿನ್‌ಗೆ 10 ಅಂಕ! ಗೇಮ್‌ಗೆ ಇಂಥವು ಮೂರು ತಪ್ಪಿಸಿಕೊಳ್ಳೋ 124ರವರು 150ರ ಹತ್ತಿರದ ಆಟಗಾರರೇ.

ಗಟರ್_ಗುಂಡಪ್ಪ
ಸಾವಿತ್ರಿಯವರ ಲೆಕ್ಕದಲ್ಲೂ ಕಳ್ಳದಾರಿ ಇದೆ. ಮೊದಲ ನಾಲ್ಕು ವಾರ ಬೇಕಂತಲೇ ಸರಾಸರಿ ಇಳಿಸಿಕೊಂಡು ಆಮೇಲೆ ಬಾರಿಸೋರು ಇರ್ತಾರೆ. ಹಿಂದಿನ ಸೀಸನ್‌ನ ಸರಾಸರಿಯಿಂದ 10 ಕಳೆದು, ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹಿಡಿಯೋ ಸರಾಸರಿ ಅದಕ್ಕಿಂತ ಕೆಳಗೆ ಇಳಿಯದ ಹಾಗೆ ನಿಯಮ ಮಾಡಿ. ಅನುಮಾನ ಬಂದ್ರೆ ಪಂದ್ಯದ ಫಲಿತಾಂಶ ಆಗಲೇ ನಿರ್ಧಾರವಾದ ಗೇಮ್‌ಗಳ 9, 10ನೇ ಫ್ರೇಮ್ ನೋಡಿ. ಸುಲಭದ ಸ್ಪೇರ್‌ಗಳು ಅಲ್ಲೇ ತಪ್ತಿದ್ರೆ ಗೊತ್ತಾಗುತ್ತೆ.

ಮೂರು ಗೇಮ್‌ಗಳನ್ನ ಬೇರೆಬೇರೆಯಾಗಿಯೂ ನೋಡಿ. ವೈಟ್‌ಫೀಲ್ಡ್‌ನಿಂದ ಸಿಲ್ಕ್ ಬೋರ್ಡ್ ದಾಟಿ ಬರೋರಿಗೆ ಪ್ರಾಕ್ಟೀಸ್ ಚೆಂಡು ಸಿಗಲ್ಲ, ಮೊದಲ ಗೇಮ್ ಅವರದ್ದು ಸತ್ತಂತೆ. ಅದು ಕೌಶಲದ ಲೆಕ್ಕವಲ್ಲ, ಟ್ರಾಫಿಕ್ ಲೆಕ್ಕ. ಬಾರದೇ ಇದ್ದೋರ ಹೆಸರಲ್ಲಿ ಹಾಕೋ ‘ಸರಾಸರಿ ಕಳೆ 10’ ಅಂಕವನ್ನ ವೈಯಕ್ತಿಕ ಪಟ್ಟಿಯಿಂದ ತೆಗೆದುಹಾಕೋದು ಮರೀಬೇಡಿ, ಎಕ್ಸೆಲ್‌ನಲ್ಲಿ ಅದು ನಿಜವಾದ ಗೇಮ್ ಥರಾನೇ ಕೂತಿರುತ್ತೆ.

ಲೇನ್_ಏಳು
ಆ ಅಂಕಗಳು ಸೇರಿಕೊಂಡೇ ಇವೆ, ತೆಗೀತೀನಿ. ಮುಂದಿನ ಸೀಸನ್‌ನ ಹ್ಯಾಂಡಿಕ್ಯಾಪ್ ಲೆಕ್ಕಕ್ಕೂ 200ರಿಂದಲೇ ಕಳೆದ್ರೆ ಸಾಕಾ?

ಹೆಡ್‌ಪಿನ್_ಹನುಮ
ಯಾರದಾದ್ರೂ ಸರಾಸರಿ 200 ದಾಟಿದ್ರೆ ಅವರ ಹೆಚ್ಚುವರಿ ಪಿನ್ ಪೂರ್ತಿ ಲಾಭ ಆಗಿಬಿಡುತ್ತೆ. 220 ಇಡಿ. ಶೇ. 90 ಹಾಗೇ ಇರಲಿ, ಪ್ರತಿ ವಾರ ಹೊಸದಾಗಿ ಲೆಕ್ಕ ಹಾಕಿ. ಹೊಸಬರಿಗೆ ಮೊದಲ ದಿನದ ಅಂಕದಿಂದಲೇ ಶುರು ಮಾಡಬಹುದು, ಆದ್ರೆ ವೈಯಕ್ತಿಕ ಬಹುಮಾನಕ್ಕೆ ಕನಿಷ್ಠ 21 ಗೇಮ್ ಆಡಿರಬೇಕು.