ಮಾಸ್‌ಫೆಟ್ ಆಂಪ್ಲಿಫೈಯರ್: ಬಿಸಿಯಾದಂತೆ ಏರುವ ಬಯಾಸ್ ಕರೆಂಟ್

ಪ್ರಶ್ನೆ: ಐಆರ್‌ಎಫ್‌ಪಿ240 ಮತ್ತು ಐಆರ್‌ಎಫ್‌ಪಿ9240 ಮಾಸ್‌ಫೆಟ್ (ಗೇಟ್ ಕಾಲಿನ ವೋಲ್ಟೇಜ್‌ನಿಂದ ಕರೆಂಟನ್ನು ನಿಯಂತ್ರಿಸುವ ಟ್ರಾನ್ಸಿಸ್ಟರ್) ಜೋಡಿಯಿಂದ ನಾನು ಕಟ್ಟಿದ ಆಂಪ್ಲಿಫೈಯರ್‌ನಲ್ಲಿ 100 ಮಿಲಿಆಂಪಿಯರ್‌ಗೆ ಹೊಂದಿಸಿದ ಬಯಾಸ್ ಕರೆಂಟ್ (ಸಿಗ್ನಲ್ ಇಲ್ಲದಾಗಲೂ ಹರಿಯುವ ಕರೆಂಟ್), ಹೀಟ್‌ಸಿಂಕ್ (ಬಿಸಿಯನ್ನು ಹೊರಹಾಕುವ ಲೋಹದ ಭಾಗ) ಬಿಸಿಯಾದಂತೆ ಏರುತ್ತಲೇ ಹೋಗುತ್ತದೆ. ಬಿಸಿಯಾದಾಗ ಮಾಸ್‌ಫೆಟ್‌ಗಳು ತಾವಾಗಿಯೇ ಕರೆಂಟನ್ನು ತಗ್ಗಿಸಿಕೊಳ್ಳುತ್ತವೆ ಎಂದು ಓದಿದ್ದೆ, ಹಾಗಾದರೆ ಇದೇಕೆ?

ಉತ್ತರ 1: ಆ ಗುಣ 2ಎಸ್‌ಕೆ1058, 2ಎಸ್‌ಜೆ162ರಂತಹ ಲ್ಯಾಟರಲ್ (ಚಿಪ್‌ನಲ್ಲಿ ಕರೆಂಟ್ ಅಡ್ಡಲಾಗಿ ಹರಿಯುವ) ಮಾಸ್‌ಫೆಟ್‌ಗಳಲ್ಲಿ ಸುಮಾರು 100 ಮಿಲಿಆಂಪಿಯರ್‌ನಿಂದಲೇ ಕಾಣಿಸುತ್ತದೆ. ನಿಮ್ಮದು ಮೂಲತಃ ಸ್ವಿಚಿಂಗ್‌ಗಾಗಿ ರೂಪಿಸಿದ ವರ್ಟಿಕಲ್ (ಕರೆಂಟ್ ಲಂಬವಾಗಿ ಹರಿಯುವ) ಬಗೆ. ಅದರಲ್ಲಿ ಕರೆಂಟ್ ಹಲವು ಆಂಪಿಯರ್ ಮುಟ್ಟುವವರೆಗೂ, ಬಿಸಿಯೇರಿದಷ್ಟೂ ಥ್ರೆಶೋಲ್ಡ್ ವೋಲ್ಟೇಜ್ (ಕರೆಂಟ್ ಹರಿಯಲು ಶುರುವಾಗುವ ಗೇಟ್ ವೋಲ್ಟೇಜ್) ಇಳಿದು ಕರೆಂಟ್ ಹೆಚ್ಚುತ್ತದೆ. ಆದ್ದರಿಂದ ಬಯಾಸ್ ನಿಗದಿಪಡಿಸುವ ಟ್ರಾನ್ಸಿಸ್ಟರನ್ನು ಮಾಸ್‌ಫೆಟ್‌ಗಳಿರುವ ಹೀಟ್‌ಸಿಂಕ್‌ಗೇ, ಅವುಗಳಿಗೆ ಆದಷ್ಟು ಹತ್ತಿರದಲ್ಲಿ, ವಿದ್ಯುತ್ ನಿರೋಧಕ ಹಾಳೆಯಿಟ್ಟು ಬಿಗಿಯಿರಿ; ಆಗ ಅದೂ ಬಿಸಿಯಾಗಿ ಬಯಾಸನ್ನು ತಗ್ಗಿಸುತ್ತದೆ.

ಉತ್ತರ 2: ಇದರ ಜೊತೆಗೆ ಪ್ರತಿ ಮಾಸ್‌ಫೆಟ್‌ನ ಸೋರ್ಸ್ ಕಾಲಿಗೂ 0.22 ಓಮ್ ರೆಸಿಸ್ಟರ್ ಸೇರಿಸಿದರೆ ಕರೆಂಟ್ ಇನ್ನಷ್ಟು ಸ್ಥಿರವಾಗುತ್ತದೆ. ಗೇಟ್ ರೆಸಿಸ್ಟರನ್ನು ಗೇಟ್ ಕಾಲಿನ ಪಕ್ಕದಲ್ಲೇ ಬೆಸುಗೆ ಹಾಕಿ. ದೂರವಿದ್ದರೆ ಕಿವಿಗೆ ಕೇಳಿಸದ ಆಸಿಲೇಶನ್ (ತಾನಾಗಿಯೇ ಹುಟ್ಟುವ ಅತಿವೇಗದ ವಿದ್ಯುತ್ ಕಂಪನ) ಉಂಟಾಗಿ, ಅದೂ ಬಿಸಿಗೆ ಕಾರಣವಾಗಬಲ್ಲದು.